ಮೋರಿ ಕಾಯುತ್ತಿದ್ದ ಮಾವ

ಕಿಡ್ನಿ, ಯುರೇಟರ್, ಬ್ಲಾಡರ್, ಯುರೆತ್ರ. ಬೇರೆ ಹುಡುಗಿಯರು ಮಗ್ಗಿ ಒಪ್ಪಿಸುವ ವಯಸ್ಸಿನಲ್ಲಿ ನಾನು ಇವನ್ನು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಒಪ್ಪಿಸುತ್ತಿದ್ದೆ. ನನ್ನಪ್ಪ ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದ. ಸ್ಕೂಲು ಬಿಟ್ಟ ಮೇಲೆ ಅವನ ಜೊತೆ ಮನೆಗೆ ಹೋಗಲೆಂದು ನಾನು ಔಷಧಿ ಕೋಣೆಯಲ್ಲಿ ಕಾದು ಕೂರುತ್ತಿದ್ದೆ. ಸುಮ್ಮನೆ ಕೂರುವ ಜಾತಿಯವಳಲ್ಲ ನಾನು. ಬಾಟಲಿ ಮುಟ್ಟದಿರಲಿ ಎಂದು ಅಪ್ಪ ಗೋಡೆಯ ಮೇಲಿದ್ದ ದೇಹದ ಪಟ ತೋರಿಸಿ ಹೆಸರು ಕಲಿಸಿದ. "ಅವರೆಕಾಳಿನ ಹಂಗಿರೋ ಇವೆರಡು ಮೂತ್ರಪಿಂಡ. ಅಲ್ಲಿಂದ ಇಳಿಯೋ ದಾರ ಮೂತ್ರನಾಳ. ಕೆಳಗಿರೋ ಚೀಲ ಮೂತ್ರಕೋಶ." ಚೀಲದಿಂದ ಆಚೆಗೆ ಹೋಗುವ ದಾರಿಗೆ ಬಂದಾಗ ಅಪ್ಪ ಒಮ್ಮೆ ಕೆಮ್ಮಿ, ಅದರ ಹೆಸರನ್ನು ಇಂಗ್ಲಿಷಿನಲ್ಲಿ ಮಾತ್ರ ಹೇಳಿದ.

ಕಾಯಿಲೆಗಳ ಹೆಸರೂ ಹಾಗೇ ಕಿವಿಗೆ ಬಿದ್ದವು. ಉರಿ ಬಂದರೆ ಡಿಸ್ಯೂರಿಯಾ, ಕಟ್ಟಿಕೊಂಡರೆ ರಿಟೆನ್ಷನ್, ಚೀಲದಲ್ಲಿ ಕೀವಾದರೆ ಸಿಸ್ಟೈಟಿಸ್. ಅದೇ ಕೀವು ದಾರ ಹಿಡಿದು ಮೇಲಕ್ಕೆ ಹತ್ತಿದರೆ ಪೈಲೈಟಿಸ್. ಬಸುರಿಯರಿಗೆ ಅದು ಬೇಗ ಹತ್ತುತ್ತದೆ ಎಂದು ಅಪ್ಪ ಮಿಕ್ಸ್ಚರ್ ಕಲಸುತ್ತಾ ಯಾರಿಗೋ ಹೇಳುತ್ತಿದ್ದದ್ದು ನೆನಪಿದೆ. ಕಟುಕರ ಬೀದಿಯ ಹುಡುಗರು ಕುರಿಯ ಮೂತ್ರಕೋಶ ಊದಿ, ಬಾಯಿ ಕಟ್ಟಿ ಚೆಂಡಾಡುತ್ತಿದ್ದರು. ಅದು ಎಷ್ಟು ಹಿಗ್ಗುತ್ತದೆ ಅನ್ನುವುದನ್ನು ನಾನು ಬೀದಿಯಲ್ಲಿ ನಿಂತು ನೋಡಿದ್ದೆ. ಈ ವಿದ್ಯೆಯೆಲ್ಲ ಯಾವ ಉಪಯೋಗಕ್ಕೆ ಬರುತ್ತದೆಂದು ಆಗ ನಾನೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನನ್ನನ್ನು ಗುಂಡ್ಲುಪೇಟೆಯಿಂದ ಆಚೆ, ಹಂಗಳದ ದಾರಿಯ ಒಂದು ಹಳ್ಳಿಗೆ ಕೊಟ್ಟರು. ಹೊಲ ಗದ್ದೆ ಇದ್ದ ಮನೆ, ಊರಿನಲ್ಲಿ ಮಾತು ನಡೆಯುವ ಮನೆ. ಬೆಳಿಗ್ಗೆ ಸಂಜೆ ಲಿಂಗಪೂಜೆ, ಹಣೆ ತುಂಬ ವಿಭೂತಿ. ಮನೆಯ ಯಜಮಾನ ನನ್ನ ಮಾವ. ಅವನ ಬಗ್ಗೆ ಬರೆಯುವಾಗ ಬಹುವಚನ ಹಾಕಮ್ಮ ಎಂದು ನನ್ನ ಮಗಳು ಹೇಳುತ್ತಾಳೆ. ಕೈ ಬರುವುದಿಲ್ಲ. ನನ್ನ ಗಂಡನಿಗೂ ಅಷ್ಟೇ. ಅತ್ತೆಗೆ ಮಾತ್ರ ಬಹುವಚನ ಕೊಡುತ್ತೇನೆ, ಆ ಮೋರಿಗೆ ಹೆದರಿ ಹೆದರಿ ಅವರು ನನಗಿಂತ ಹೆಚ್ಚು ವರ್ಷ ಬಾಳಿದ್ದರು.

ಮೋರಿ ಅಂದೆ. ಅದನ್ನು ವಿವರಿಸಬೇಕು. ಆ ಮನೆಯ ಹಿಂದೆ ಹಿತ್ತಿಲಿರಲಿಲ್ಲ, ದಾಯಾದಿಗಳ ಗೋಡೆ ಇತ್ತು. ಒಂದೇ ಬಾಗಿಲು, ಅದರ ಮುಂದೆ ಜಗಲಿ, ಜಗಲಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಮಾವ. ಹೆಂಗಸರು ಹೊರಕಡೆಗೆ ಹೋಗುವ ಕಳ್ಳಿ ಬೇಲಿ ಕಣದ ಆಚೆ ಇತ್ತು. ಮಾವ ಏಳುವ ಮುಂಚೆ ಒಮ್ಮೆ ಹೋಗಬೇಕು, ದೀಪ ಹಚ್ಚಿದ ಮೇಲೆ ಇನ್ನೊಮ್ಮೆ. ನಡುವೆ ಜಗಲಿ ದಾಟುವ ಹಾಗಿಲ್ಲ. ಮನೆಯೊಳಗೆ ಬಚ್ಚಲಿತ್ತು, ನಿಜ. ಆದರೆ ಬಚ್ಚಲ ಗೋಡೆಗೆ ಒತ್ತಿಕೊಂಡು ದೇವರ ಕೋಣೆ. ಬಚ್ಚಲ ನೀರು ಹೋಗುವ ಮೋರಿ ಜಗಲಿಯ ಅಂಚಿಗೇ ಹರಿದು ಬೀದಿ ಸೇರುತ್ತಿತ್ತು. ಮಾವನ ಸ್ನಾನ, ಪೂಜೆ ಮುಗಿದು ಮೋರಿ ಒಣಗಿದ ಮೇಲೆ ಅದು ಮತ್ತೆ ಒದ್ದೆಯಾಗಬಾರದು. ಒದ್ದೆಯಾದರೆ ಜಗಲಿಯ ಮೇಲಿದ್ದ ಅವನಿಗೆ ಕಾಣುತ್ತಿತ್ತು.

"ಯಾವಳ್ಲಾ ಅದು ಈಗ ಬಚ್ಚಲ್ಗೋದೋಳು? ಪೂಜೆ ಆಗಿ ಇನ್ನೂ ವಿಭೂತಿ ಆರಿಲ್ಲ, ಮೋರಿ ಅರೀತಾ ಅದೆ!"

ಹೀಗೆ ಜಗಲಿಯಿಂದ ಕೂಗುತ್ತಿದ್ದ, ಅಕ್ಕಪಕ್ಕ ಕೂತಿದ್ದ ಗಂಡಸರೆಲ್ಲ ಕೇಳುವ ಹಾಗೆ. ನಾನು ಮದುವೆಯಾಗಿ ಬಂದ ವಾರದಲ್ಲೇ ಒಮ್ಮೆ ಸಿಕ್ಕಿಬಿದ್ದೆ. ಅತ್ತೆ ನನ್ನ ತೋಳು ಹಿಡಿದು ಒಳಕ್ಕೆ ಎಳೆದುಕೊಂಡು, "ನಾವೇನು ಬಾಳಾಟ ಮಾಡ್ನಿಲ್ವಾ? ನಮ್ಗೇನು ಒಟ್ಟೆ ಇರ್ನಿಲ್ವಾ? ಎಣ್ಣು ಅಂದ್ಮೇಲೆ ತಡ್ಕಳದ ಕಲೀಬೇಕು ಕಣಮ್ಮಿ" ಅಂದರು. ಕಲಿತೆ. ಮಧ್ಯಾಹ್ನದ ಮುದ್ದೆಗೆ ನೀರು ಕುಡಿಯುವುದನ್ನು ಬಿಟ್ಟೆ. ಬೇಸಿಗೆಯಲ್ಲಿ ನಾಲಿಗೆ ಒಣಗಿ ಅಂಗುಳಿಗೆ ಅಂಟಿದರೂ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದೆ.

ನಾನು ಹೋದ ಮರುವರ್ಷವೇ ಮೈದುನನ ಮದುವೆಯಾಯಿತು. ನನ್ನ ವಾರಗಿತ್ತಿ ಗೋಪಾಲಸ್ವಾಮಿ ಬೆಟ್ಟದ ಬುಡದ ಊರಿನವಳು. ಕಾಡಂಚಿನಲ್ಲಿ ದನ ಮೇಯಿಸಿಕೊಂಡು ಬೆಳೆದವಳು, ಬೇಕಾದಾಗ ಬೇಕಾದ ಪೊದೆಯ ಮರೆಗೆ ಹೋಗಿ ಬಂದವಳು. ಮೋರಿಯ ಕಾನೂನು ಹೇಳಿದಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಅಕ್ಕ, ಈ ಮನೇಲಿ ಉಚ್ಚೆಗೂ ಮೂರ್ತ ನೋಡ್ಬೇಕಾ?"

ನಾನೂ ನಕ್ಕೆ. ಆ ಮನೆಯಲ್ಲಿ ನಾನು ನಕ್ಕಿದ್ದೇ ಅವಳು ಬಂದ ಮೇಲೆ. ಕೆಲವೇ ದಿನಗಳಲ್ಲಿ ಅವಳ ನಗು ಕಡಿಮೆಯಾಯಿತು. ಮಧ್ಯಾಹ್ನ ರಾಗಿ ಬೀಸುವಾಗ ಕಲ್ಲಿನ ಮುಂದೆ ಮೊಣಕಾಲು ಒತ್ತಿ ಹಿಡಿದು ಕೂರುವಳು. "ಅಕ್ಕ, ಏನಾದ್ರೂ ಮಾತಾಡಿ, ಮರ್ತೋಗ್ಲಿ" ಅನ್ನುವಳು. ನಾನು ಚಾಮರಾಜನಗರದ ಪಟದ ಕಥೆ ಹೇಳುತ್ತಿದ್ದೆ. ಚೀಲ ತುಂಬಿದಾಗ ಅದು ಹೇಗೆ ಹಿಗ್ಗುತ್ತದೆ ಎಂದು ಹೇಳಿದರೆ ಅವಳು ನನ್ನ ಬಾಯಿ ಮುಚ್ಚುತ್ತಿದ್ದಳು.

ಒಂದು ಸುಗ್ಗಿಯ ಕಾಲದಲ್ಲಿ ಮಾವನಿಗೆ ನೀರು ಕಟ್ಟಿತು.

ಬೆಳಿಗ್ಗೆ ಹೊಲದ ಬದಿಗೆ ಹೋದ, ಬಂದ. ಮತ್ತೆ ಹೋದ, ಬಂದ. ಬಿಸಿಲೇರುವ ಹೊತ್ತಿಗೆ ಜಗಲಿಯ ಕಂಬ ತಬ್ಬಿಕೊಂಡು ಅರಚತೊಡಗಿದ. "ಉಚ್ಚೆ ಬತ್ತಾ ಇಲ್ಲ ಕಣ್ರಲಾ! ಸತ್ತೋಯ್ತೀನಿ ಕಣ್ರಲಾ! ಉಚ್ಚೆ ಬತ್ತಾ ಇಲ್ಲ!" ಆ ಮನೆಯ ಗೋಡೆಗಳು ಅದುವರೆಗೆ ಕೇಳದಿದ್ದ ಮಾತನ್ನು ಬೀದಿಯ ತುದಿಯವರೆಗೆ ಕೂಗಿದ. ಊರಿನ ಹಿರಿಯರೆಲ್ಲ ಸೇರಿದರು. ಒಬ್ಬ ಹೊಕ್ಕುಳಿಗೆ ಈರುಳ್ಳಿ ಜಜ್ಜಿ ಹಚ್ಚಿ ಅಂದ. ಇನ್ನೊಬ್ಬ ಬಿಸಿನೀರಿನಲ್ಲಿ ಕೂರಿಸಿ ಅಂದ. ಬಂದೀತೆ, ಒಂದು ಹನಿಯಾದರೂ ಬಂತೆ, ಬಣ್ಣ ಹೇಗಿತ್ತು ಎಂದು ಗಂಡಸರು ಮಳೆ ಬೆಳೆಯ ವಿಚಾರದಷ್ಟೇ ಸಲೀಸಾಗಿ ಕೇಳುತ್ತಿದ್ದರು. ಹೆಂಗಸರು ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆವು. ಯಾರೂ ಯಾರಿಗೂ ಬಾಯಿ ಮುಚ್ಚು ಅನ್ನಲಿಲ್ಲ.

ಮೈದುನ ಸೈಕಲ್ ತುಳಿದು ಗುಂಡ್ಲುಪೇಟೆಗೆ ಓಡಿದ. ಊಟಿಯ ಕಡೆ ಹೊರಟಿದ್ದ ಬಸ್ಸಿನಲ್ಲಿ ಡಾಕ್ಟರನ್ನು ಕರೆತಂದ. ಅವರು ತಮಿಳು ಮನೆಮಾತಿನವರು, ಕನ್ನಡವನ್ನು ಓದಿ ಕಲಿತವರು. ನಮ್ಮ ಕಡೆಯ ಮಾತು ಅವರಿಗೆ ಹತ್ತುತ್ತಿರಲಿಲ್ಲ, ಅವರ ಮಾತು ನಮ್ಮವರಿಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಒತ್ತಿ ನೋಡಿ, "ಅಕ್ಯೂಟ್ ರಿಟೆನ್ಷನ್. ಬ್ಲಾಡರ್ ಫುಲ್ ಆಗಿದೆ. ಪ್ರಾಸ್ಟೇಟ್ ದೊಡ್ಡದಾಗಿ ಯುರೆತ್ರ ಮುಚ್ಚಿದೆ. ಕೆಥೀಟರ್ ಹಾಕಬೇಕು" ಅಂದರು. ನನ್ನ ಗಂಡ, ಮೈದುನ ಇಬ್ಬರೂ ಪಿಳಿಪಿಳಿ ಕಣ್ಣು ಬಿಟ್ಟರು. ನಾನು ಬಾಗಿಲ ಹಿಂದೆ ಅತ್ತೆಯ ಕಿವಿಯಲ್ಲಿ ಹೇಳಿದೆ. ಸೊಸೆಯ ದನಿ ಮಾವನಿಗೆ ಕೇಳಿಸಬಾರದು ಎನ್ನುವ ರೂಢಿ. ಆದರೆ ಮಾವನಿಗೆ ಕೇಳಿಸಿತು, ಅವನ ಪ್ರಾಣ ಹೋಗುತ್ತಿತ್ತಲ್ಲ.

"ಏಳವ್ವ, ಜೋರಾಗಿ ಏಳು! ಅದೇನಂತಾವ್ರೋ ಏಳು!"

ಹೇಳಿದೆ. ಮೂತ್ರಕೋಶ ತುಂಬಿ ಬಿಗಿದಿದೆ, ಅದರ ಬಾಯಲ್ಲಿರುವ ಒಂದು ಗಂಟು ಊದಿಕೊಂಡು ದಾರಿ ಅಡ್ಡಗಟ್ಟಿದೆ, ರಬ್ಬರ್ ಕೊಳವೆ ಹಾಕಿ ಖಾಲಿ ಮಾಡುತ್ತಾರೆ, ಅಲುಗಾಡಬಾರದು. ಬಾಗಿಲ ಹಿಂದಿನಿಂದ ಒಂದೊಂದೇ ಮಾತನ್ನು ದೊಡ್ಡ ದನಿಯಲ್ಲಿ ಹೇಳಿದೆ. ಊರಿನ ಗಂಡಸರು ತಲೆದೂಗಿದರು. ಡಾಕ್ಟರು ಕೊಳವೆ ಕುದಿಸಲು ಶುದ್ಧವಾದ ಪಾತ್ರೆ ಕೇಳಿದಾಗ ಅತ್ತೆ ಹಳೆಯದೊಂದನ್ನು ಹುಡುಕಲು ಹೊರಟರು. ನಾನು ಹಾಲು ಕಾಯಿಸುವ ಪಾತ್ರೆಯನ್ನೇ ಎತ್ತಿಕೊಟ್ಟೆ. ಶುದ್ಧವಾದದ್ದು ಕೇಳಿದ್ದಾರೆ ಅತ್ತೆ, ಮಾವನ ಜೀವದ ಪ್ರಶ್ನೆ ಅಂದೆ.

ಕೊಳವೆ ಇಳಿದಾಗ ಮಾವ ಕೂಸಿನ ಹಾಗೆ ಅತ್ತ. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಅವನಿಗೆ ಗುಣವಾಯಿತೆಂದಲ್ಲ. ತಡೆದುಕೊಳ್ಳುವುದು ಅಂದರೇನು ಎಂದು ಅರ್ಧ ದಿನವಾದರೂ ಆ ಮನುಷ್ಯನ ಮೈಗೆ ತಿಳಿಯಿತಲ್ಲ ಎಂದು. ಇನ್ನು ಮೋರಿ ಕಾಯುವುದನ್ನು ಬಿಟ್ಟಾನು ಎಂದು ನಾನೂ ವಾರಗಿತ್ತಿಯೂ ಅಡುಗೆಮನೆಯಲ್ಲಿ ಪಿಸುಗುಟ್ಟಿದೆವು.

ಅವನು ಬಿಡಲಿಲ್ಲ. ಅವನಿಗೆ ಸಿಕ್ಕಿದ್ದು ಹೊಸ ಪದಗಳು ಮಾತ್ರ. ಮಾರನೆಯ ವಾರ ಜಗಲಿಯ ಮೇಲೆ ದಿಂಬಿಗೊರಗಿ ಬಂದವರಿಗೆಲ್ಲ ವರದಿ ಒಪ್ಪಿಸುತ್ತಿದ್ದ. "ಬ್ಲಾಡರ್ರು ತುಂಬೋಗಿತ್ತು ಕಣ್ಲಾ. ಪ್ರಾಸ್ಟೇಟು ಅಡ್ಡ ಕುಂತ್ಬುಟ್ಟಿತ್ತು. ನಮ್ಮ ದೊಡ್ಡ ಸೊಸೆ ಇರ್ನಿಲ್ಲ ಅಂದಿದ್ರೆ ಡಾಕ್ಟ್ರು ಮಾತು ಯಾವನ್ಗೆ ತಿಳೀತಿತ್ತು?" ನಾನು ಆ ಮನೆಯ ಹೆಮ್ಮೆಯಾದೆ. ಹಂಗಳದಿಂದ ಬಂದ ನೆಂಟರ ಮುಂದೆ ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿ, ಅವನ ಬ್ಲಾಡರಿನ ಕಥೆಯನ್ನು ಮತ್ತೊಮ್ಮೆ ಹೇಳಿಸಿದ.

ಮೈಸೂರಿನಲ್ಲಿ ಆಪರೇಷನ್ ಮಾಡಿಸಬೇಕು, ಅಲ್ಲಿಯವರೆಗೆ ಚೆನ್ನಾಗಿ ನೀರು ಕುಡಿಯಬೇಕು, ಬಂದಾಗ ಒಂದು ಗಳಿಗೆಯೂ ತಡೆದುಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದರು. ಮುಚ್ಚಳವಿರುವ ಎನಾಮಲ್ ಪಾತ್ರೆಯೊಂದು ಬಂತು. ಜಗಲಿಯ ಪಕ್ಕದ ಕೋಣೆಯಲ್ಲಿ ಮಾವ ಅದನ್ನು ತುಂಬಿಸುವುದು, ಕಿರಿಸೊಸೆ ಅದನ್ನು ಹೊತ್ತು ಕಳ್ಳಿ ಬೇಲಿಯ ಆಚೆ ಚೆಲ್ಲಿ, ತೊಳೆದು ತರುವುದು ಎಂದು ಅತ್ತೆ ಗೊತ್ತು ಮಾಡಿದರು. ಹೀಗಾಗಿ ಮಾವನ ಉಚ್ಚೆ ಹೊತ್ತ ಸೊಸೆ ಹಾಡುಹಗಲು, ಅಷ್ಟು ಜನ ಗಂಡಸರ ಕಣ್ಣೆದುರು, ಜಗಲಿ ದಾಟಬಹುದಾಯಿತು. ಅದು ಸೇವೆ. ಯಾರೂ ತಲೆ ತಗ್ಗಿಸುವ ಮಾತಲ್ಲ.

ಅವಳು ಮೊದಲ ದಿನ ಹಿಂತಿರುಗಿ ಬಂದಾಗ ಮುಖ ಅರಳಿತ್ತು. ಅಡುಗೆಮನೆಯ ಮೂಲೆಗೆ ನನ್ನನ್ನು ಎಳೆದುಕೊಂಡು, "ಅಕ್ಕ, ಅವ್ರದ್ನೂ ಚೆಲ್ಬುಟ್ಟೆ, ನಂದ್ನೂ ಮುಗಿಸ್ಬುಟ್ಟೆ" ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಮಾವನಿಗೆ ಅವಳಷ್ಟು ಉಪಚಾರ ಮಾಡಿದವರಿಲ್ಲ. ಮಜ್ಜಿಗೆ, ಜೀರಿಗೆ ನೀರು, ಬಾರ್ಲಿ ಗಂಜಿ, ಒಂದರ ಹಿಂದೆ ಒಂದು ಚೆಂಬು ಅತ್ತೆಯ ಕೈಯಲ್ಲಿ ಜಗಲಿಗೆ ಕಳಿಸುತ್ತಿದ್ದಳು. ಅವನು ಕುಡಿದಷ್ಟೂ ಪಾತ್ರೆ ತುಂಬುತ್ತಿತ್ತು, ಪಾತ್ರೆ ತುಂಬಿದಷ್ಟೂ ಅವಳಿಗೆ ಬಿಡುಗಡೆ. ಒಂದೊಂದು ಸಲ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, "ಓಗ್ಬನ್ನಿ ಅಕ್ಕ, ನೀವೂ ಪುಣ್ಯ ಕಟ್ಕಳಿ" ಎಂದು ಕಣ್ಣು ಮಿಟುಕಿಸುತ್ತಿದ್ದಳು. ಎಂಥ ಭಕ್ತಿಯ ಸೊಸೆ ಎಂದು ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಆ ಹಬ್ಬ ಮುಗಿಯಿತು. ಮಾವ ಮೈಸೂರಿಗೆ ಹೋದ, ಆಪರೇಷನ್ ಮಾಡಿಸಿಕೊಂಡ, ಕೆಂಪಗೆ ದುಂಡಗೆ ಆಗಿ ಹಿಂತಿರುಗಿದ. ಜಗಲಿಯ ಪಕ್ಕದಲ್ಲೇ ತನಗಾಗಿ ತೆಂಗಿನ ಗರಿಯ ಮರೆ ಕಟ್ಟಿಸಿಕೊಂಡ, ಬೇಕೆಂದಾಗ ಎದ್ದು ಹೋಗಲು. ಅತ್ತೆ ಎನಾಮಲ್ ಪಾತ್ರೆಯನ್ನು ಅಟ್ಟಕ್ಕೆ ಹಾಕಿಸಿದರು. ಮೋರಿ ಮತ್ತೆ ಒಣಗಿತು. ಅಷ್ಟು ಹೊತ್ತಿಗೆ ನನ್ನ ವಾರಗಿತ್ತಿ ಆರು ತಿಂಗಳ ಬಸುರಿ.

ಬಸುರಿಯ ಚೀಲದ ಮೇಲೆ ಕೂಸು ಕೂತಿರುತ್ತದೆ. ಗಳಿಗೆಗೊಮ್ಮೆ ಬರುತ್ತದೆ. ಇದಕ್ಕೆ ಪಟ ನೋಡಿ ಕಲಿಯಬೇಕಾಗಿಲ್ಲ, ಹೆತ್ತವರಿಗೆಲ್ಲ ಗೊತ್ತು. ನಮ್ಮ ಅತ್ತೆಗೂ ಗೊತ್ತಿತ್ತು. ಆದರೂ ಹಗಲು ಹೊರಕ್ಕೆ ಬಿಡಲಿಲ್ಲ. ಅವಳು ಗೋಡೆಗೆ ಒರಗಿ, ಕಾಲು ಹೆಣೆದುಕೊಂಡು, ತುಟಿ ಕಚ್ಚಿ ಸಂಜೆಗೆ ಕಾಯುತ್ತಿದ್ದಳು. ಕೆಲವು ವಾರಗಳ ಮೇಲೆ ಒಂದು ಬೆಳಗಿನ ಜಾವ ಬೇಲಿಯಿಂದ ಹಿಂತಿರುಗುವಾಗ ನನ್ನ ಭುಜ ಹಿಡಿದುಕೊಂಡಳು.

"ಅಕ್ಕ, ಮೆಣಸಿನ್ಕಾಯಿ ಅರ್ದು ಅಚ್ಚಿದಂಗೆ ಉರೀತದೆ. ಹನಿ ಹನಿ ಬತ್ತದೆ, ಮುಗ್ಯದೇ ಇಲ್ಲ."

ನೀರು ಕುಡಿ, ಎಷ್ಟು ಆಗುತ್ತೋ ಅಷ್ಟು ಕುಡಿ ಅಂದೆ. "ಕುಡುದ್ರೆ ಓಗ್ಬೇಕಲ್ಲ ಅಕ್ಕ" ಅಂದಳು. ಅತ್ತೆಗೆ ಹೇಳಿದೆ. ಉಷ್ಣ ಅಂದರು, ಅಂಗಾಲಿಗೆ ಹರಳೆಣ್ಣೆ ಹಚ್ಚಿದರು, ಹೊಕ್ಕುಳಿಗೂ ಹಚ್ಚಿದರು. ಪ್ರೀತಿಯಿಂದಲೇ ಹಚ್ಚಿದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲು ತೆಗೆಯಲಿಲ್ಲ.

ಆಮೇಲೆ ಚಳಿಜ್ವರ ಬಂತು. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಸೊಂಟದ ಮೇಲೆ, ಬಲಗಡೆ ಬೆನ್ನಿಗೆ ನಾನು ಕೈ ಇಟ್ಟೆನಷ್ಟೇ, ಕಿರುಚಿದಳು. ಚಾಮರಾಜನಗರದ ಪಟದ ಮೇಲೆ ಅಪ್ಪ ಬೆರಳಿಟ್ಟು ತೋರಿಸಿದ್ದು ಅದೇ ಜಾಗ. ಚೀಲದಿಂದ ದಾರ ಹಿಡಿದು ಅವರೆಕಾಳಿನವರೆಗೆ ಹತ್ತಿಬಿಟ್ಟಿತ್ತು. ಗುಂಡ್ಲುಪೇಟೆಯಲ್ಲಿ ಇದಕ್ಕೆ ಮಾತ್ರೆಯಿತ್ತು, ಪೆನಿಸಿಲಿನ್ ಸೂಜಿಯಿತ್ತು. ಗಾಡಿ ಕಟ್ಟಿದರೆ ಮಧ್ಯಾಹ್ನದೊಳಗೆ ಮುಟ್ಟಬಹುದಿತ್ತು.

ನಮ್ಮ ಮನೆಯ ಹೆಂಗಸರು ಆಸ್ಪತ್ರೆಗೆ ಹೋಗುತ್ತಿರಲಿಲ್ಲ, ಅವರ ಕಾಯಿಲೆಯನ್ನು ಗಂಡಸರು ಹೊತ್ತುಕೊಂಡು ಹೋಗುತ್ತಿದ್ದರು. ಖಾಲಿ ಬಾಟಲಿ ಹಿಡಿದು ಹೋಗುವುದು, ಹೀಗಿದೆಯಂತೆ ಎನ್ನುವುದು, ತುಂಬಿದ ಬಾಟಲಿ ತರುವುದು. ಅತ್ತೆ ಮಗನಿಗೆ ಎಲ್ಲ ಬಿಡಿಸಿ ಹೇಳಲಾರದೆ "ಒಟ್ಟೆನೋವು, ಜ್ವರ" ಅಂದರು. ಮೈದುನ ಅಲ್ಲಿಗೆ ಹೋಗಿ ಅದನ್ನೇ ಹೇಳಿದ. ಬಸುರಿ ಎಂದು ಹೇಳಲೂ ಅವನಿಗೆ ನಾಚಿಕೆ. ಬಂದ ಬಾಟಲಿಯ ಬಿರಡೆ ತೆಗೆದು ಮೂಸಿದೆ. ಓಮದ ವಾಸನೆ. ಅಜೀರ್ಣಕ್ಕೆ ಕೊಡುವ ಮಿಕ್ಸ್ಚರ್, ಅಪ್ಪನ ಕೋಣೆಯಲ್ಲಿ ಎಷ್ಟೋ ಸಲ ನೋಡಿದ್ದೆ. ಅವಳು ಅದನ್ನು ಭಕ್ತಿಯಿಂದ ಕುಡಿದಳು.

ಗಂಡನಿಗೆ ಹೇಳಿದೆ. ಗಾಡಿ ಕಟ್ಟಬೇಕಾದರೆ ಅವನಪ್ಪನ ಅಪ್ಪಣೆ ಬೇಕಿತ್ತು.

"ಅಪ್ಪನ ಮುಂದೆ ಅದ್ನೆಲ್ಲ ಎಂಗಮ್ಮಿ ಏಳನೆ?"

"ನಿಮ್ಮಪ್ಪನ ಬ್ಲಾಡರಿನ ಕಥೆ ಕೇಳದೇ ಇರೋ ಒಂದು ನಾಯಿ ಇಲ್ಲ ಈ ಊರಲ್ಲಿ. ಅವಳಿಗೂ ಇರೋದು ಅದೇ ಬ್ಲಾಡರು."

"ಅಪ್ಪ ಗಂಡಸು ಕಣಮ್ಮಿ" ಅಂದ, ದೊಡ್ಡ ನ್ಯಾಯ ಹೇಳಿದವನ ಹಾಗೆ, ಮಗ್ಗುಲಾದ.

ಮಾರನೆಯ ದಿನ ನಾನೇ ಹೊರಕ್ಕೆ ಬಂದೆ. ಬಿಸಿಲು ಬಂದಿತ್ತು, ಜಗಲಿ ತುಂಬ ಜನವಿದ್ದರು. ನಾನು ಬಾಗಿಲ ಹಿಂದೆ ನಿಲ್ಲಲಿಲ್ಲ, ಮೆಟ್ಟಿಲಿಳಿದು ಎದುರಿಗೆ ನಿಂತೆ. ನಾನು ಧೈರ್ಯಸ್ಥೆ ಎಂದಲ್ಲ, ಇದೇ ಮಾತುಗಳನ್ನು ನನ್ನ ಬಾಯಿಂದ ಹೇಳಿಸಿ ಹೆಮ್ಮೆಪಟ್ಟವನ ಮುಂದೆ ಹೇಳಲು ಹೆದರಿಕೆ ಏಕೆ ಎಂದುಕೊಂಡಿದ್ದೆ.

"ಮಾವ, ತಂಗಿಗೆ ಮೂತ್ರಕೋಶದಲ್ಲಿ ಕೀವಾಗಿದೆ. ಕಿಡ್ನಿಗೆ ಹತ್ತಿದೆ. ಮೂತ್ರ ಹೋಗುವಾಗ ಉರಿ, ಈಗ ಚಳಿಜ್ವರ. ಗುಂ‌ಡ್ಲುಪೇಟೆಗೆ ಕರೆದುಕೊಂಡು ಹೋಗಬೇಕು. ಗಾಡಿ ಕಟ್ಟಿಸಿ."

ಮಾವನಿಗೆ ಈರುಳ್ಳಿ ಹಚ್ಚಿ ಅಂದಿದ್ದ ಮುದುಕನೇ ಎದ್ದು, ಕೇಳಬಾರದ್ದು ಕಿವಿಗೆ ಬಿತ್ತೆಂಬಂತೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮಾವ ನನ್ನ ಕಡೆ ತಿರುಗಲೂ ಇಲ್ಲ. ಕೊಟ್ಟಿಗೆಯಲ್ಲಿದ್ದ ನನ್ನ ಗಂಡನನ್ನು ಕೂಗಿದ.

"ಏನ್ಲಾ, ನಿನ್ನೆಂಡ್ತಿ ಬೀದೀಲಿ ನಿಂತ್ಕಂಡು ನಿನ್ ತಮ್ಮನೆಂಡ್ತಿ ಉಚ್ಚೆ ವಿಚಾರ ಮಾತಾಡ್ತಾವ್ಳೆ. ಕೇಳುಸ್ಕಂಡು ನಿಂತಿದ್ದಿಯಲ್ಲಾ, ಗಂಡ್ಸೇನ್ಲಾ ನೀನು?"

ಗಂಡ ನನ್ನ ಜುಟ್ಟು ಹಿಡಿದು ಒಳಕ್ಕೆ ಎಳೆದುಕೊಂಡು ಹೋದ. ನಡುಮನೆಯಲ್ಲಿ ಬಾರುಕೋಲಿನ ಹಿಡಿಯಿಂದ ಹೊಡೆದ. ಅವನಿಗೆ ಸಿಟ್ಟಿರಲಿಲ್ಲ, ಜಗಲಿಗೆ ಕೇಳಿಸುವ ಹಾಗೆ ಹೊಡೆಯುತ್ತಿದ್ದ. ಅಲ್ಲೇ ಚಾಪೆಯ ಮೇಲೆ ಅವಳು ಮಲಗಿದ್ದಳು. ಎದ್ದು ಬರಲಾರದೆ, ಕೈಯೊಂದನ್ನು ಎತ್ತಿ ಬೇಡ ಬೇಡ ಎಂದು ಆಡಿಸುತ್ತಿದ್ದಳು.

ಮಾರನೆಯ ದಿನ ಗಾಡಿ ಹೊರಟಿತು. ಗುಂಡ್ಲುಪೇಟೆಗೇ ಹೊರಟಿತು. ಸಂತೆಗೆ ಹುರುಳಿ ಮೂಟೆ ಹೇರಿಕೊಂಡು ಹೋಗಿ, ಸಂಜೆ ಖಾಲಿ ಬಂತು. ನಾನು ಕಿಟಕಿಯಿಂದ ನೋಡಿದೆ. ಈಗಲೂ ಎತ್ತಿನ ಗಾಡಿಯ ಸದ್ದು ಕೇಳಿದರೆ ನನಗೆ ಮೈ ಉರಿಯುತ್ತದೆ.

ಅವಳು ಅಸಂಬದ್ಧ ಮಾತಾಡತೊಡಗಿದಳು. ಬೆಟ್ಟದ ಬುಡದಲ್ಲಿ ದನ ಅಟ್ಟುತ್ತಿದ್ದಳು, ಅವುಗಳ ಹೆಸರು ಕೂಗುತ್ತಿದ್ದಳು. ಮುಖ ಊದಿತು. ಮೂತ್ರ ಕಾಫಿ ಗಸಿಯ ಬಣ್ಣಕ್ಕೆ ತಿರುಗಿ, ಆಮೇಲೆ ಹೆಚ್ಚು ಕಡಿಮೆ ನಿಂತೇಹೋಯಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಕೂಸು ಆಡುತ್ತಿಲ್ಲ ಎಂದು ಅತ್ತೆಗೆ ಹೇಳಿದಳು. ಅತ್ತೆ ಮಾವನಿಗೆ ಹೇಳಿದರು. ಕೂಸು ಅನ್ನುವುದು ಹೇಳಬಹುದಾದ ಮಾತು. ಕೂಡಲೇ ಗಾಡಿ ಕಟ್ಟಿಸಿದ. "ಮನೆತನದ ಕುಡಿ ಕಣ್ಲಾ, ಬಿರ್ನೆ ಒಡಿ" ಎಂದು ತಾನೂ ಮುಂದೆ ಹತ್ತಿ ಕೂತ.

ನನ್ನ ಗಂಡ ಗಾಡಿ ಹೊಡೆಯುತ್ತಿದ್ದ, ಮೈದುನ ಪಕ್ಕದಲ್ಲಿ ನಡೆದು ಬರುತ್ತಿದ್ದ. ಒಳಗೆ ಹುಲ್ಲಿನ ಮೇಲೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಕಣ್ಣು ಬಿಟ್ಟು, ಸನ್ನೆ ಮಾಡಿ, ಹೊರಕ್ಕೆ ಬಂದಿದೆ ಅಂದಳು. ಗಾಡಿ ನಿಲ್ಲಿಸುತ್ತೇನೆ, ಪೊದೆಯಿದೆ ಅಂದೆ. ಮುಂದೆ ಕೂತಿದ್ದವನ ಬೆನ್ನನ್ನು ನೋಡಿ ತಲೆ ಅಲ್ಲಾಡಿಸಿದಳು. "ಮಾವ ಅವ್ರೆ." ತಡೆದುಕೊಳ್ಳಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಸ್ವಲ್ಪವೇ ಸ್ವಲ್ಪ ಹುಲ್ಲು ಒದ್ದೆಯಾಯಿತು. ಅವಳು ಅತ್ತಳು. "ಮುಚ್ಚಿ ಅಕ್ಕ, ಉಲ್ಲು ಮುಚ್ಚಿ" ಎಂದು ನನ್ನ ಕೈ ಹಿಡಿದು ಅತ್ತಳು.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಿದ್ದರು. ಬೆನ್ನು ತಟ್ಟಿ ನೋಡಿದರು, ರೆಪ್ಪೆ ಬಿಡಿಸಿ ನೋಡಿದರು, ಉಸಿರಿನ ವಾಸನೆ ನೋಡಿದರು. ಸೂಜಿ ಹಾಕಿ ಹೊರಬಂದವರ ಮುಖ ಕೆಂಪಾಗಿತ್ತು. ಪೈಲೈಟಿಸ್, ಎರಡು ಕಡೆಗೂ ಹತ್ತಿದೆ, ಈಗ ಯುರೀಮಿಯಾ ಆಗಿದೆ ಅಂದರು. ಆ ಪದ ನನಗೆ ಗೊತ್ತಿತ್ತು. ಕಿಡ್ನಿ ಸೋತು ವಿಷ ರಕ್ತಕ್ಕೆ ಏರಿದೆ ಎಂದು ಅರ್ಥ.

"ಇಷ್ಟು ದಿನ ಏನು ಮಾಡುತ್ತಿದ್ದಿರಿ? ಮೊದಲೇ ತಂದಿದ್ದರೆ ಮಾತ್ರೆಯಲ್ಲಿ ಹೋಗುವ ಕಾಯಿಲೆ ಇದು."

ಮಾವ ಎರಡೂ ಕೈ ಜೋಡಿಸಿದ. "ನಮ್ಗೇನು ಗೊತ್ತು ಸ್ವಾಮಿ? ಎಂಗುಸ್ರು ಕಾಯ್ಲೆ. ಯಾರೂ ಏಳ್ನಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. ಬಾಗಿಲ ಹಿಂದಿನ ದನಿ ಯಾರದೆಂದು ಅವರಿಗೆ ನೆನಪಿತ್ತು. "ನೀವು ಓದಿದವರು. ಅವತ್ತು ಎಲ್ಲ ಅರ್ಥ ಮಾಡಿಕೊಂಡು ಹೇಳಿದಿರಿ. ನೀವಾದರೂ ಇವರಿಗೆ ಹೇಳಬಾರದಿತ್ತೇ?"

"ಹೇಳಿದೆ" ಅಂದೆ.

"ಯಾವಾಗಮ್ಮಿ ಏಳ್ದೆ?" ಎಂದ ನನ್ನ ಗಂಡ. ಅವನ ಬಾರುಕೋಲಿನ ಬರೆ ನನ್ನ ಭುಜದ ಮೇಲೆ ಇನ್ನೂ ಹಸಿಯಾಗಿತ್ತು. ಅವನು ನನ್ನ ಮುಖವನ್ನೇ ನೋಡುತ್ತಾ ಕೇಳಿದ. ಮಾವನೂ ನೋಡಿದ, ಮೈದುನನೂ ನೋಡಿದ. ಮೂವರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಅಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಮತ್ತೆ ಬಂದಿಲ್ಲ.

ಆಗ ಮಂಚದಿಂದ ಮಾತು ಬಂತು. ಒಡಕಲು ದನಿಯಾದರೂ ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು.

"ಅಕ್ಕ ಏಳುದ್ರು. ಜಗಲಿ ಮುಂದೆ ನಿಂತ್ಕಂಡು ಏಳುದ್ರು. ನೀವೇ ಒಡುಸುದ್ರಿ."

ಮಾವ ತಬ್ಬಿಬ್ಬಾಗಿ ಮಂಚ ನೋಡಿದ, ಬಾಗಿಲ ಕಡೆ ನೋಡಿದ, ಹೊರಗಿನಿಂದ ಬೇರೆ ಯಾರೋ ಹೆಂಗಸು ಬಂದಳೇನೋ ಎಂಬಂತೆ ನನ್ನ ಹಿಂದೆ ಇಣುಕಿದ.

"ಯಾರ್ಲಾ ಅದು ಮಾತಾಡ್ದೋಳು?"

ಅವನ ಮಜ್ಜಿಗೆ ಕಡೆದವಳು, ಅವನ ಪಾತ್ರೆ ಹೊತ್ತವಳು, ಅವನ ಮನೆಯ ಕುಡಿ ಹೊತ್ತವಳು. ಆ ಮನೆಗೆ ಕಾಲಿಟ್ಟ ದಿನದಿಂದ ಅವಳ ದನಿ ಅವನ ಕಿವಿಗೆ ಬಿದ್ದಿರಲಿಲ್ಲ.

"ಕಿರಿಸೊಸೆ ಕಣಪ್ಪ" ಎಂದ ನನ್ನ ಗಂಡ, ತಲೆ ತಗ್ಗಿಸಿ.

"ಓ" ಎಂದ ಮಾವ. ಸ್ವಲ್ಪ ಹೊತ್ತು ಅವಳ ಮುಖ ನೋಡಿದ. ಆಮೇಲೆ ಮೈದುನನ ಬೆನ್ನು ತಟ್ಟಿ, "ಬಾಯಿ ಬಂದದೆ, ಉಸಾರಾಗ್ತಾಳೆ ಬುಡು" ಎಂದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತ.

ಅವಳು ಮತ್ತೆ ಮಾತಾಡಲಿಲ್ಲ. ಸಂಜೆಗೆ ಮುಂಚೆ ಹೋದಳು. ಕೂಸು ಅದಕ್ಕೂ ಮೊದಲೇ ಹೋಗಿತ್ತು. ಅದೇ ಗಾಡಿಯಲ್ಲಿ ತಂದು, ಹೊಲದ ಅಂಚಿನಲ್ಲಿ ಕೂರಿಸಿ ಮಣ್ಣು ಮಾಡಿದರು. ಮಾವ ಆಮೇಲೆ ಬಹಳ ವರ್ಷ ಬದುಕಿದ. ಕೊನೆಯವರೆಗೂ ಅವನಿಗೆ ನೀರು ಸಲೀಸಾಗಿ ಹೋಗುತ್ತಿತ್ತು.